ಡೆಬಿಯನ್ ಹುಟ್ಟುಹಬ್ಬ: ಆಗಸ್ಟ್ 16ರ ಕೂಟವನ್ನು ಏರ್ಪಡಿಸುವುದು ಹೇಗೆ

1993ರ ಆಗಸ್ಟ್ 16ರಂದು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಇಯಾನ್ ಮರ್ಡಾಕ್, ಲಿನಕ್ಸ್ ಅಭಿವೃದ್ಧಿಯ ಯೂಸ್‌ನೆಟ್ ಚರ್ಚಾ ಗುಂಪಿನಲ್ಲಿ ಒಂದು ಪ್ರಕಟಣೆ ಹಾಕಿದರು. ಹೊಸ ಲಿನಕ್ಸ್ ವಿತರಣೆಯೊಂದು ಇನ್ನೇನು ಸಿದ್ಧವಾಗಲಿದೆ, ಹೆಸರು ಡೆಬಿಯನ್ ಎಂಬುದು ಅದರ ತಿರುಳು. ಗೆಳತಿ ಡೆಬ್ರಾ ಹೆಸರಿನ ಮೊದಲ ತುಂಡಿಗೆ ತಮ್ಮ ಹೆಸರನ್ನು ಜೋಡಿಸಿ ಮಾಡಿದ ಪದ ಅದು. ಅಂದಿನಿಂದ ಯಾವ ಕಂಪನಿಯ ಒಡೆತನಕ್ಕೂ ಹೋಗದೆ ಸ್ವಯಂಸೇವಕರ ಕೈಯಲ್ಲೇ ಬೆಳೆದ ಈ ಕಾರ್ಯಾಚರಣಾ ವ್ಯವಸ್ಥೆಯ ಹುಟ್ಟುಹಬ್ಬವನ್ನು ಪ್ರತಿ ವರ್ಷ ಹಲವು ದೇಶಗಳಲ್ಲಿ ‘ಡೆಬಿಯನ್ ಡೇ’ ಎಂದು ಆಚರಿಸುತ್ತಾರೆ.

ಕೇಕ್ ಕತ್ತರಿಸಿ ಫೋಟೊ ತೆಗೆದು ಮನೆಗೆ ಹೋದರೂ ಅದು ಆಚರಣೆಯೇ. ಆದರೆ ಡೆಬಿಯನ್‌ಗೆ ಉಡುಗೊರೆ ಕೊಡುವುದಾದರೆ ಅದು ಕೆಲಸದ ರೂಪದಲ್ಲೇ ಇರಬೇಕು. ಒಂದು ಹಳೆಯ ಲ್ಯಾಪ್‌ಟಾಪ್‌ಗೆ ಮರುಜೀವ, ಅರ್ಧಕ್ಕೆ ನಿಂತ ಒಂದು ಬಗ್ (ದೋಷ) ವರದಿಗೆ ಬೇಕಾಗಿದ್ದ ಮಾಹಿತಿ, ಅನುವಾದವಾಗದೆ ಉಳಿದ ಹತ್ತು ಸಾಲು, ಇಷ್ಟಾದರೂ ಸಂಜೆಯ ಹೊತ್ತಿಗೆ ಆಗಿರಬೇಕು. ಕೆಳಗಿನ ಯೋಜನೆಯನ್ನು 20ರಿಂದ 30 ಜನ ಸೇರುವ, ಬೆಳಗ್ಗೆ 10ರಿಂದ ಸಂಜೆ 5ರವರೆಗಿನ ಕೂಟಕ್ಕೆ ಹೊಂದುವಂತೆ ಮಾಡಿದೆ.

ದಿನಾಂಕ, ಜಾಗ, ಜನ

ಡೆಬಿಯನ್‌ನ ಒಳತಿರುಳಾದ ಲಿನಕ್ಸ್ ಕರ್ನಲ್‌ನ ಹುಟ್ಟುಹಬ್ಬವೂ ಆಗಸ್ಟ್‌ನಲ್ಲೇ ಬರುವುದರಿಂದ ಎರಡನ್ನೂ ಬೆರೆಸುವವರಿದ್ದಾರೆ. ಅದು 1991ರ ಆಗಸ್ಟ್ 25. ಪೋಸ್ಟರ್ ಅಚ್ಚಿಗೆ ಹೋಗುವ ಮೊದಲು ಒಮ್ಮೆ ನೋಡಿಕೊಳ್ಳಿ. ವಯಸ್ಸಿನ ಲೆಕ್ಕಕ್ಕೆ ವರ್ಷದಿಂದ 1993 ಕಳೆದರಾಯಿತು, 2026ಕ್ಕೆ 33. ಆಗಸ್ಟ್ 16 ಕೆಲಸದ ದಿನವಾದರೆ ಹತ್ತಿರದ ಶನಿವಾರಕ್ಕೆ ಇಟ್ಟುಕೊಳ್ಳಿ, ಯಾರೂ ಆಕ್ಷೇಪಿಸುವುದಿಲ್ಲ. ಡೆಬಿಯನ್ ವಿಕಿಯಲ್ಲಿ ಆಯಾ ವರ್ಷದ ಡೆಬಿಯನ್ ಡೇ ಪುಟವಿರುತ್ತದೆ. ಮೂರು ವಾರ ಮೊದಲೇ ಅಲ್ಲಿ ಊರು, ಸಮಯ, ಸಂಪರ್ಕದ ವಿಳಾಸ ಸೇರಿಸಿದರೆ ನಿಮಗೆ ಪರಿಚಯವೇ ಇಲ್ಲದ ಡೆಬಿಯನ್ ಬಳಕೆದಾರರೂ ಹುಡುಕಿಕೊಂಡು ಬರುತ್ತಾರೆ.

ಕೊಠಡಿ ಆರಿಸುವಾಗ ಪ್ರೊಜೆಕ್ಟರ್‌ಗಿಂತ ಮೊದಲು ಪ್ಲಗ್ ಪಾಯಿಂಟ್‌ಗಳನ್ನು ಎಣಿಸಿ. ಇನ್‌ಸ್ಟಾಲ್ ಮಾಡಿಸಿಕೊಳ್ಳಲು ಬರುವ ಹಳೆಯ ಲ್ಯಾಪ್‌ಟಾಪ್‌ಗಳ ಬ್ಯಾಟರಿ ಸತ್ತಿರುವುದೇ ಹೆಚ್ಚು. ಪ್ಯಾಕೇಜ್‌ಗಳು, ಅಂದರೆ ತಂತ್ರಾಂಶದ ಕಟ್ಟುಗಳು, ಡಿಸ್ಕಿಗೆ ಇಳಿಯುತ್ತಿರುವಾಗ ಕರೆಂಟ್ ಹೋದರೆ ಮೊದಲಿನಿಂದ ಶುರು ಮಾಡಬೇಕು. 10 ಯಂತ್ರಗಳ ಮೇಜಿಗೆ 10 ಯಂತ್ರದ ಪ್ಲಗ್‌ಗಳ ಜೊತೆ ಸ್ವಿಚ್‌ಗೆ, ನೆರವಿನವರ ಲ್ಯಾಪ್‌ಟಾಪ್‌ಗಳಿಗೆ ಸೇರಿ 14 ಇರಲಿ.

ಕೆಲಸ ಬಲ್ಲವರು ಐದು ಜನವಾದರೂ ಬೇಕು: ಇನ್‌ಸ್ಟಾಲ್ ಮೇಜಿಗೆ ಮೂವರು, ಬಗ್ ಮೇಜಿಗೆ ಒಬ್ಬರು, ಹಳೆಯ ಆವೃತ್ತಿಗಳ ಮೇಜಿಗೆ ಒಬ್ಬರು. ಒಬ್ಬರು ಒಟ್ಟಿಗೆ ನಾಲ್ಕಕ್ಕಿಂತ ಹೆಚ್ಚು ಯಂತ್ರ ನೋಡಿಕೊಳ್ಳಲು ಹೋದರೆ ಎಲ್ಲೋ ಒಂದು ಕಡೆ ತಪ್ಪು ಡಿಸ್ಕಿನ ಮೇಲೆ ಎಂಟರ್ ಬೀಳುತ್ತದೆ.

ನೆಟ್‌ವರ್ಕ್: ಹಿಂದಿನ ರಾತ್ರಿಯೇ ಮುಗಿಸಬೇಕಾದ ಕೆಲಸ

ನೆಟ್‌ಇನ್‌ಸ್ಟ್, ಅಂದರೆ ಉಳಿದದ್ದನ್ನು ಜಾಲದಿಂದ ತರಿಸಿಕೊಳ್ಳುವ ಇನ್‌ಸ್ಟಾಲ್ ಇಮೇಜ್, 1 ಜಿಬಿಗಿಂತ ಚಿಕ್ಕದು, ಆದರೆ ಡೆಸ್ಕ್‌ಟಾಪ್ ಸಮೇತ ಒಂದು ಯಂತ್ರ ಸಿದ್ಧವಾಗಲು ಇನ್ನೂ 1ರಿಂದ 2 ಜಿಬಿ ಇಳಿಸಿಕೊಳ್ಳುತ್ತದೆ. ಹತ್ತು ಯಂತ್ರ ಒಟ್ಟಿಗೆ ಕೂತರೆ ಕೊಠಡಿಯ ವೈಫೈ ಉಸಿರುಗಟ್ಟುತ್ತದೆ. ಇದಕ್ಕೆ ಪರಿಹಾರ ಡೆಬಿಯನ್‌ನಲ್ಲೇ ಇದೆ: ಆಪ್ಟ್-ಕ್ಯಾಷರ್-ಎನ್‌ಜಿ ಎಂಬ ಪ್ಯಾಕೇಜ್. ಒಂದು ಲ್ಯಾಪ್‌ಟಾಪ್‌ನಲ್ಲಿ ಅದನ್ನು ಹಾಕಿದರೆ ಸಾಕು, 3142ನೇ ಪೋರ್ಟ್‌ನಲ್ಲಿ ಕಾಯುತ್ತ ಕೂರುತ್ತದೆ. ಮೊದಲ ಯಂತ್ರ ಕೇಳಿದ ಪ್ಯಾಕೇಜನ್ನು ಹೊರಗಿನಿಂದ ತಂದು ಇಟ್ಟುಕೊಂಡು, ಉಳಿದ ಒಂಬತ್ತಕ್ಕೆ ತನ್ನ ಡಿಸ್ಕಿನಿಂದಲೇ ಕೊಡುತ್ತದೆ. 20 ಜಿಬಿಯ ಹೊರೆ 2 ಜಿಬಿಗೆ ಇಳಿಯುತ್ತದೆ. ಹಿಂದಿನ ರಾತ್ರಿ ಒಂದು ವರ್ಚುವಲ್ ಯಂತ್ರದಲ್ಲಿ (ಕಂಪ್ಯೂಟರ್‌ನೊಳಗೆ ತಂತ್ರಾಂಶ ಕಟ್ಟುವ ಇನ್ನೊಂದು ಕಂಪ್ಯೂಟರ್) ಅದರ ಮೂಲಕವೇ ಪೂರ್ತಿ ಇನ್‌ಸ್ಟಾಲ್ ಮಾಡಿಬಿಟ್ಟರೆ ಆ 2 ಜಿಬಿಯೂ ಮನೆಯಲ್ಲೇ ಇಳಿದಿರುತ್ತದೆ. ಕೊಡಲಿರುವ ಡೆಸ್ಕ್‌ಟಾಪ್‌ಗಳು ಎರಡು ಬಗೆಯಾಗಿದ್ದರೆ, ಉದಾಹರಣೆಗೆ ನೋಮ್ ಮತ್ತು ಎಕ್ಸ್‌ಎಫ್‌ಸಿಇ, ಎರಡನ್ನೂ ಒಮ್ಮೊಮ್ಮೆ ಹಾಕಿ ನೋಡಿ.

ಇನ್‌ಸ್ಟಾಲರ್ ಮಿರರ್, ಅಂದರೆ ಪ್ಯಾಕೇಜ್ ಕೊಡುವ ಸರ್ವರ್, ಆರಿಸಿದ ಮೇಲೆ ಪ್ರಾಕ್ಸಿ, ಅಂದರೆ ನಡುವೆ ನಿಂತು ತಂದುಕೊಡುವ ಯಂತ್ರದ ವಿಳಾಸ ಕೇಳುತ್ತದೆ. ಅಲ್ಲಿ ಆ ಲ್ಯಾಪ್‌ಟಾಪ್‌ನ ಐಪಿ ಮತ್ತು 3142 ಕೊಡಬೇಕು. ಎರಡು ಕಡೆ ಎಚ್ಚರ ಬೇಕು. ಮಿರರ್ ಎಚ್‌ಟಿಟಿಪಿಯಲ್ಲೇ ಇರಲಿ. ಎಚ್‌ಟಿಟಿಪಿಎಸ್ ಆರಿಸಿದರೆ ಒಳಗೇನು ಹೋಗುತ್ತಿದೆ ಎಂದು ಕ್ಯಾಷರ್‌ಗೆ ಕಾಣದು, ಹಾಗಾಗಿ ಇಟ್ಟುಕೊಳ್ಳಲೂ ಆಗದು. ಪ್ಯಾಕೇಜ್‌ಗಳ ಪಟ್ಟಿಗೆ ಸಹಿ ಇರುವುದರಿಂದ ಎಚ್‌ಟಿಟಿಪಿಯಲ್ಲಿ ತಂದರೂ ಅವುಗಳ ನಂಬಿಕೆಗೆ ಧಕ್ಕೆಯಿಲ್ಲ. ಎರಡನೆಯದು ಇನ್ನೂ ಮುಖ್ಯ. ನೀವು ಕೊಟ್ಟ ಪ್ರಾಕ್ಸಿ ವಿಳಾಸವನ್ನು ಇನ್‌ಸ್ಟಾಲರ್ ಹೊಸ ವ್ಯವಸ್ಥೆಯ ಇಟಿಸಿ ಅಡಿಯ ಆಪ್ಟ್ ಫೋಲ್ಡರ್‌ನಲ್ಲಿ, ಆಪ್ಟ್ ಡಾಟ್ ಕಾನ್ಫ್ ಎಂಬ ಕಡತದಲ್ಲಿ ಬರೆದಿಡುತ್ತದೆ. ಅತಿಥಿ ಮನೆಗೆ ಹೋಗಿ ಅಪ್‌ಡೇಟ್ ಒತ್ತಿದರೆ ಆ ವಿಳಾಸ ಅಲ್ಲಿರುವುದಿಲ್ಲ, ಏನೂ ಇಳಿಯುವುದಿಲ್ಲ, ಡೆಬಿಯನ್ ಕೆಟ್ಟಿದೆ ಎಂದು ಅವರು ತೀರ್ಮಾನಿಸುತ್ತಾರೆ. ಯಂತ್ರವನ್ನು ಕೈಗೆ ಕೊಡುವ ಮೊದಲು ಆ ಸಾಲು ಅಳಿಸಿ, ಒಮ್ಮೆ ಅಪ್‌ಡೇಟ್ ಓಡಿಸಿ ನೋಡಿ.

ಒಂದು 16 ಪೋರ್ಟ್‌ನ ಸ್ವಿಚ್, ಹತ್ತು ಕೇಬಲ್, ಕೇಬಲ್ ಕಿಂಡಿಯೇ ಇಲ್ಲದ ತೆಳು ಲ್ಯಾಪ್‌ಟಾಪ್‌ಗಳಿಗಾಗಿ ಮೂರು ಯುಎಸ್‌ಬಿ-ಈಥರ್‌ನೆಟ್ ಅಡಾಪ್ಟರ್ ಇದ್ದರೆ ವೈಫೈಯನ್ನು ನಂಬಿ ಕೂರಬೇಕಿಲ್ಲ.

ಇನ್‌ಸ್ಟಾಲ್ ಮೇಜು

ನಾಲ್ಕು ಪೆನ್‌ಡ್ರೈವ್ ಸಿದ್ಧವಿರಲಿ. ಮೂರರಲ್ಲಿ ಇಂದಿನ ಸ್ಥಿರ ಆವೃತ್ತಿಯ ಎಎಂಡಿ64 (ಇಂಟೆಲ್, ಎಎಂಡಿ ಎರಡರ 64 ಬಿಟ್ ಪಿಸಿಗಳದ್ದು) ನೆಟ್‌ಇನ್‌ಸ್ಟ್, ಒಂದರಲ್ಲಿ ಲೈವ್ ಇಮೇಜ್. ಇನ್‌ಸ್ಟಾಲ್ ಮಾಡದೆಯೇ ವೈಫೈ, ಧ್ವನಿ, ಕ್ಯಾಮೆರಾ ಸರಿಯಿದೆಯೇ ಎಂದು ನೋಡಲು ಈ ಲೈವ್ ಬೇಕಾಗುತ್ತದೆ. ಐದನೆಯದೊಂದು ಇದ್ದರೆ ಅದರಲ್ಲಿ ಡೆಬಿಯನ್ 12ರ ಐ386 ಇಮೇಜ್ ಇರಲಿ. 2025ರ ಆಗಸ್ಟ್ 9ರಂದು ಬಂದ ಡೆಬಿಯನ್ 13, ಅಂದರೆ ಟ್ರಿಕ್ಸಿಯಲ್ಲಿ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಇಲ್ಲ, ಕರ್ನಲ್ಲೂ ಇಲ್ಲ. ಹಳೆಯ ನೆಟ್‌ಬುಕ್ ಹಿಡಿದು ಬಂದವರಿಗೆ ಇದನ್ನು ಮೊದಲೇ ಹೇಳಿಬಿಡಿ, ಕೊನೆಯಲ್ಲಿ ಹೇಳಿದರೆ ಬೇಸರವಾಗುತ್ತದೆ.

ಇಮೇಜ್ ಜೊತೆ ಸಿಗುವ ಎಸ್‌ಎಚ್‌ಎ512 ಮೊತ್ತವನ್ನು ಹೋಲಿಸಿ ನೋಡಿಯೇ ಬರೆಯಿರಿ. ಬರೆಯುವುದಕ್ಕೆ ಡಿಡಿ ಅಥವಾ ಸಿಪಿ ಕಮಾಂಡ್ ಸಾಕು, ಗುರಿ ಮಾತ್ರ ಇಡೀ ಸಾಧನವಾಗಿರಬೇಕು, ಅದರೊಳಗಿನ ಮೊದಲ ಪಾರ್ಟಿಷನ್ ಅಲ್ಲ. ಸಾಧನದ ಹೆಸರು ಎಸ್‌ಡಿಬಿ ಎಂದಿದ್ದರೆ ಎಸ್‌ಡಿಬಿಗೇ ಬರೆಯಬೇಕು, ಎಸ್‌ಡಿಬಿ1ಕ್ಕೆ ಬರೆದರೆ ಪೆನ್‌ಡ್ರೈವ್ ಬೂಟ್ ಆಗದು. ಬರೆಯುವ ಮೊದಲು ಎಲ್‌ಎಸ್‌ಬಿಎಲ್‌ಕೆ ಓಡಿಸಿ ಗಾತ್ರ ನೋಡಿ ಸಾಧನ ಗುರುತಿಸಿ, ಬರೆದ ಮೇಲೆ ಸಿಂಕ್ ಕೊಟ್ಟು, ಅದು ಮುಗಿದ ಮೇಲಷ್ಟೇ ಕೀಳಿ. ವಿಂಡೋಸ್‌ನಲ್ಲಿ ರೂಫಸ್ ಬಳಸುವವರು ಅದು ಕೇಳಿದಾಗ ಡಿಡಿ ವಿಧಾನವನ್ನು ಆರಿಸಲಿ.

ಯಂತ್ರದ ಮುಂದೆ ಕೂತಾಗ ಮೊದಲು ಕೇಳಬೇಕಾದ ಪ್ರಶ್ನೆ ‘ಬ್ಯಾಕಪ್ ಎಲ್ಲಿದೆ?’ ಇಲ್ಲ ಎಂದರೆ ಇನ್‌ಸ್ಟಾಲ್ ಇಲ್ಲ, ಲೈವ್ ತೋರಿಸಿ ಕಳಿಸಿ. ಈ ವಿಷಯದಲ್ಲಿ ಸಡಿಲ ಬಿಡಬೇಡಿ. ವಿಂಡೋಸ್ ಉಳಿಸಿಕೊಂಡೇ ಡೆಬಿಯನ್ ಬೇಕೆನ್ನುವವರಿಗೆ ಇನ್ನೂ ಮೂರು ಸಿದ್ಧತೆ ಬೇಕು. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಚಾಲೂ ಇದ್ದರೆ 48 ಅಂಕಿಯ ರಿಕವರಿ ಕೀ ಬೇರೆ ಕಡೆ ಬರೆದಿಟ್ಟುಕೊಂಡಿರಬೇಕು. ಬೂಟ್ ಕ್ರಮ ಬದಲಾದದ್ದನ್ನು ಕಂಡು ವಿಂಡೋಸ್ ಅದನ್ನು ಕೇಳಬಹುದು, ಆಗ ಕೀ ಇಲ್ಲದಿದ್ದರೆ ದತ್ತಾಂಶದ ಆಸೆ ಬಿಡಬೇಕು. ಫಾಸ್ಟ್ ಸ್ಟಾರ್ಟಪ್ ನಿಲ್ಲಿಸಿರಬೇಕು. ಅದು ಇದ್ದರೆ ವಿಂಡೋಸ್ ಪೂರ್ತಿ ಮುಚ್ಚದೆ ಅರೆನಿದ್ದೆಗೆ ಜಾರಿರುತ್ತದೆ, ಆ ಸ್ಥಿತಿಯಲ್ಲಿ ಅದರ ಪಾರ್ಟಿಷನ್ ಮುಟ್ಟಿದರೆ ಕಡತಗಳು ಕೆಡುತ್ತವೆ. ಜಾಗ ಬಿಡಿಸುವುದನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಮಾಡಿ. ಕನಿಷ್ಠ 10 ಜಿಬಿ ಸಾಕೆಂದು ಕೈಪಿಡಿ ಹೇಳಿದರೂ ದಿನನಿತ್ಯದ ಬಳಕೆಗೆ 40 ಜಿಬಿ ಬಿಡಿ.

ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣುವುದಿಲ್ಲ ಎಂಬ ದೂರು ಬಂದರೆ, ಆ ಯಂತ್ರದ ಫರ್ಮ್‌ವೇರ್ (ಬಯೋಸ್) ಸೆಟಪ್ ತೆರೆದು ಸ್ಟೋರೇಜ್ ಯಾವ ವಿಧಾನದಲ್ಲಿದೆ ನೋಡಿ. ಇಂಟೆಲ್ ಆರ್‌ಎಸ್‌ಟಿ ಅಥವಾ ರೇಡ್ ಎಂದಿದ್ದರೆ ಎಎಚ್‌ಸಿಐಗೆ ಬದಲಿಸಬೇಕಾಗುತ್ತದೆ. ಆದರೆ ತಟ್ಟನೆ ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುತ್ತದೆ, ಏಕೆಂದರೆ ಆ ಚಾಲಕವನ್ನು ಅದು ಬೂಟ್ ಹೊತ್ತಿಗೆ ಸಜ್ಜು ಮಾಡಿಕೊಂಡಿರುವುದಿಲ್ಲ. ಮೊದಲು ವಿಂಡೋಸ್‌ಗೆ ಮುಂದಿನ ಬಾರಿ ಸೇಫ್ ಮೋಡ್‌ನಲ್ಲಿ ಏಳುವಂತೆ ಹೇಳಿ, ಆಮೇಲೆ ಫರ್ಮ್‌ವೇರ್‌ನಲ್ಲಿ ಬದಲಿಸಿ, ಸೇಫ್ ಮೋಡ್‌ನಲ್ಲಿ ಒಮ್ಮೆ ಎದ್ದ ಮೇಲೆ ಮತ್ತೆ ಸಾಮಾನ್ಯ ಸ್ಥಿತಿಗೆ ತನ್ನಿ.

ಸಹಿಯಿಲ್ಲದ ತಂತ್ರಾಂಶ ಬೂಟ್ ಆಗದಂತೆ ತಡೆಯುವ ಸೆಕ್ಯೂರ್ ಬೂಟ್ ಬಗ್ಗೆ ಹೆದರುವ ಅಗತ್ಯವಿಲ್ಲ, 2019ರ ಡೆಬಿಯನ್ 10ರಿಂದಲೇ ಅದಕ್ಕೆ ಬೆಂಬಲವಿದೆ. ಎನ್‌ವಿಡಿಯಾ ಚಾಲಕದಂತಹ, ಯಂತ್ರದಲ್ಲೇ ಕಂಪೈಲ್ ಆಗುವ ಕರ್ನಲ್ ಮಾಡ್ಯೂಲ್ ಹಾಕುವಾಗ ಮಾತ್ರ ನಿಮ್ಮದೇ ಕೀಲಿಯನ್ನು ಫರ್ಮ್‌ವೇರ್‌ಗೆ ಪರಿಚಯಿಸಬೇಕು, ಇಲ್ಲವಾದರೆ ಮಾಡ್ಯೂಲ್ ಲೋಡ್ ಆಗುವುದಿಲ್ಲ. ವೈಫೈ ಫರ್ಮ್‌ವೇರ್‌ನ ಪೇಚಾಟವೂ ಬಹುತೇಕ ಮುಗಿದಿದೆ. ಡೆಬಿಯನ್ 12ರಿಂದ ಅಧಿಕೃತ ಇಮೇಜ್‌ನಲ್ಲೇ ಅದು ಸೇರಿದೆ.

ಇನ್‌ಸ್ಟಾಲರ್ ರೂಟ್ (ಆಡಳಿತಗಾರರ) ಪಾಸ್‌ವರ್ಡ್ ಕೇಳುವಾಗ ಹೊಸಬರಿಗೆ ಖಾಲಿ ಬಿಡಲು ಹೇಳಿ. ಖಾಲಿ ಬಿಟ್ಟರೆ ಮೊದಲ ಬಳಕೆದಾರರಿಗೆ ಸುಡೊ, ಅಂದರೆ ಆಡಳಿತಗಾರರಂತೆ ಆದೇಶ ಕೊಡುವ ಅಧಿಕಾರ ತಾನಾಗಿ ಸಿಗುತ್ತದೆ. ಏನಾದರೂ ತುಂಬಿದರೆ ಆ ಅಧಿಕಾರ ಸಿಗುವುದಿಲ್ಲ, ಮರುದಿನ ‘ನಿಮ್ಮ ಹೆಸರು ಸುಡೊ ಪಟ್ಟಿಯಲ್ಲಿಲ್ಲ’ ಎಂಬ ಸಂದೇಶ ನೋಡಿ ನಿಮಗೇ ಫೋನ್ ಮಾಡುತ್ತಾರೆ. ಭಾಷೆಯ ಪಟ್ಟಿಯಲ್ಲಿ ಕನ್ನಡವೂ ಇದೆ, ಗ್ರಾಫಿಕಲ್ ಇನ್‌ಸ್ಟಾಲರ್ ಆರಿಸಿದಾಗ ಮಾತ್ರ ಕಾಣುತ್ತದೆ. ಅಕ್ಷರಗಳಷ್ಟೇ ಮೂಡುವ ಪಠ್ಯ ಇನ್‌ಸ್ಟಾಲರ್‌ಗೆ ನಮ್ಮ ಒತ್ತಕ್ಷರಗಳನ್ನು ಜೋಡಿಸಿ ತೋರಿಸುವ ಶಕ್ತಿಯಿಲ್ಲ.

ಮುಗಿದ ಮೇಲೆ ಬೂಟ್ ಮೆನುವಿನಲ್ಲಿ ವಿಂಡೋಸ್ ಕಾಣದಿದ್ದರೆ ಅದು ಅಳಿಸಿಹೋಗಿದೆ ಎಂದು ಗಾಬರಿಯಾಗಬೇಡಿ. ಬೇರೆ ವ್ಯವಸ್ಥೆಗಳನ್ನು ಹುಡುಕುವ ಓಎಸ್-ಪ್ರೋಬರ್ ಎಂಬ ಸಾಧನವನ್ನು ಬೂಟ್ ಮೆನು ತೋರಿಸುವ ಗ್ರಬ್ ತನ್ನ 2.06ನೇ ಆವೃತ್ತಿಯಿಂದ ತಾನಾಗಿ ಓಡಿಸುವುದಿಲ್ಲ. ಇಟಿಸಿ ಅಡಿಯ ಡಿಫಾಲ್ಟ್ ಫೋಲ್ಡರ್‌ನಲ್ಲಿರುವ ಗ್ರಬ್ ಕಡತದಲ್ಲಿ ಓಎಸ್ ಪ್ರೋಬರ್ ತಡೆಯುವ ಸಾಲಿನ ಮೌಲ್ಯವನ್ನು ‘ಫಾಲ್ಸ್’ ಮಾಡಿ ಅಪ್‌ಡೇಟ್-ಗ್ರಬ್ ಓಡಿಸಿ. ಆಮೇಲೂ ಬಾರದಿದ್ದರೆ ಒಂದು ಯುಇಎಫ್‌ಐ ವಿಧಾನದಲ್ಲಿ, ಇನ್ನೊಂದು ಹಳೆಯ ಬಯೋಸ್ ವಿಧಾನದಲ್ಲಿ ಇನ್‌ಸ್ಟಾಲ್ ಆಗಿರುತ್ತದೆ. ಪೆನ್‌ಡ್ರೈವ್ ಬೂಟ್ ಮಾಡುವಾಗಲೇ ವಿಂಡೋಸ್ ಇರುವ ವಿಧಾನವನ್ನೇ ಆರಿಸಿದ್ದರೆ ಇದು ಆಗುತ್ತಿರಲಿಲ್ಲ.

ಎಸ್‌ಎಸ್‌ಡಿ ಇರುವ ಯಂತ್ರಕ್ಕೆ ಮುಕ್ಕಾಲು ಗಂಟೆ, ತಿರುಗುವ ಹಳೆಯ ಡಿಸ್ಕಿಗೆ ಒಂದೂವರೆ ಗಂಟೆ ಹಿಡಿಯಿರಿ. ಮಧ್ಯಾಹ್ನ 3ರ ಮೇಲೆ ಹೊಸ ಯಂತ್ರ ತೆಗೆದುಕೊಳ್ಳಬೇಡಿ.

ಹಳೆಯ ಆವೃತ್ತಿಗಳ ಮೇಜು

ಹುಟ್ಟುಹಬ್ಬದ ಕಳೆ ಇರುವುದು ಇಲ್ಲೇ. 2000ದ ಪೊಟಾಟೊ, 2002ರ ವುಡಿ, 2005ರ ಸಾರ್ಜ್ ಎಂಬ ಡೆಬಿಯನ್ ಆವೃತ್ತಿಗಳು, ಪಕ್ಕದಲ್ಲಿ ಇಂದಿನ ಟ್ರಿಕ್ಸಿ. ನಾಲ್ಕು ಪರದೆ ಸಾಲಾಗಿ ಇಟ್ಟರೆ ಕಾಲು ಶತಮಾನದ ದಾರಿ ಕಣ್ಣೆದುರು ಬಿಚ್ಚಿಕೊಳ್ಳುತ್ತದೆ. ವುಡಿಯ ಇನ್‌ಸ್ಟಾಲರ್ ನೋಡಿದವರಿಗೆ ಸಾರ್ಜ್‌ನಲ್ಲಿ ಬಂದ ಹೊಸ ಡೆಬಿಯನ್-ಇನ್‌ಸ್ಟಾಲರ್ ಎಷ್ಟು ದೊಡ್ಡ ನೆಗೆತವಾಗಿತ್ತೆಂದು ಯಾರೂ ವಿವರಿಸಬೇಕಿಲ್ಲ. ಇಂದು ಓಡುತ್ತಿರುವುದು ಅದರದೇ ಮುಂದುವರಿಕೆ.

ಹಳೆಯ ಪ್ಯಾಕೇಜ್‌ಗಳು ಡೆಬಿಯನ್‌ನ ಆರ್ಕೈವ್ ಸರ್ವರ್‌ನಲ್ಲಿ, ಸಿಡಿ ಇಮೇಜ್‌ಗಳು ಸಿಡಿಇಮೇಜ್ ಸರ್ವರ್‌ನ ಆರ್ಕೈವ್ ವಿಭಾಗದಲ್ಲಿ ಈಗಲೂ ಇವೆ. ಕೆಲವು ಸಿಡಿಗಳಿಗೆ ಪೂರ್ತಿ ಇಮೇಜ್ ಸಿಗದೆ ಜಿಗ್ಡೊ ಕಡತ ಮಾತ್ರ ಇರುತ್ತದೆ. ಅದು ಇಮೇಜ್‌ನ ನೀಲನಕ್ಷೆ. ಜಿಗ್ಡೊ-ಲೈಟ್ ಎಂಬ ಸಾಧನಕ್ಕೆ ಅದನ್ನು ಕೊಟ್ಟು, ಮಿರರ್ ಕೇಳಿದಾಗ ಆರ್ಕೈವ್ ಸರ್ವರ್‌ನ ವಿಳಾಸ ಹಾಕಿದರೆ ಒಂದೊಂದೇ ಪ್ಯಾಕೇಜ್ ತಂದು ಸಿಡಿಯನ್ನು ಮರಳಿ ಕಟ್ಟುತ್ತದೆ. ಮಾಮೂಲಿ ಮಿರರ್ ಕೊಟ್ಟರೆ ಹಳೆಯ ಪ್ಯಾಕೇಜ್ ಯಾವುದೂ ಅಲ್ಲಿರುವುದಿಲ್ಲ, ಅರ್ಧದಲ್ಲೇ ನಿಲ್ಲುತ್ತದೆ.

ಓಡಿಸಲು ಕ್ಯೂಇಎಂಯು ಎಂಬ ವರ್ಚುವಲ್ ಯಂತ್ರದ ತಂತ್ರಾಂಶ ಸಾಕು, ಆದರೆ ಅದರ ಇಂದಿನ ಮಾಮೂಲಿ ಸಿದ್ಧತೆ 2000ದ ಕರ್ನಲ್‌ಗೆ ಅರ್ಥವಾಗುವುದಿಲ್ಲ. ಯಂತ್ರದ ಬಗೆ ‘ಪಿಸಿ’ ಇರಲಿ, ಕ್ಯೂ35 ಬೇಡ. ಡಿಸ್ಕ್ ಐಡಿಇ ಆಗಿರಬೇಕು, ಏಕೆಂದರೆ ವರ್ಚುವಲ್ ಯಂತ್ರಗಳಿಗೆಂದೇ ಇರುವ ವರ್ಟಿಐಒ ಡಿಸ್ಕ್ ಆಗಿನ್ನೂ ಹುಟ್ಟಿರಲೇ ಇಲ್ಲ, ಕರ್ನಲ್‌ಗೆ ಡಿಸ್ಕೇ ಕಾಣದು. ಗಾತ್ರ 4 ಜಿಬಿ ಸಾಕು. 8 ಜಿಬಿ ಮೀರಿದರೆ ಹಳೆಯ ಬಯೋಸ್ ಲೆಕ್ಕದ ಮಿತಿಗೆ ಬಡಿದು ಲಿಲೊ ಬೂಟ್‌ಲೋಡರ್ ಎಡವಬಹುದು. ಮೆಮೊರಿ 128 ಎಂಬಿ, ನೆಟ್‌ವರ್ಕ್ ಕಾರ್ಡ್ ಎನ್‌ಇ2000 ಪಿಸಿಐ ಅಥವಾ ಆರ್‌ಟಿಎಲ್8139, ಗ್ರಾಫಿಕ್ಸ್‌ಗೆ ಸಿರಸ್. ಬೂಟ್ ಆಗುತ್ತಲೇ ಕರ್ನಲ್ ಕುಸಿದರೆ ಪ್ರೊಸೆಸರ್ ಮಾದರಿಯನ್ನು ಪೆಂಟಿಯಂ2 ಎಂದು ಕೊಡಿ. ಇಂದಿನ ಪ್ರೊಸೆಸರ್ ತಾನು ಯಾರೆಂದು ಹೇಳುವ ಮಾತೇ ಆ ಕರ್ನಲ್‌ಗೆ ಹೊಸದು. ಅದೂ ಆಗದಿದ್ದರೆ ಪ್ರೊಸೆಸರ್‌ನ ನೇರ ನೆರವು ಪಡೆಯುವ ಕೆವಿಎಂ ಬಿಟ್ಟು ಬರೀ ಎಮ್ಯುಲೇಶನ್‌ನಲ್ಲಿ ಓಡಿಸಿ. ನಿಧಾನವಾಗುತ್ತದೆ, ಆದರೂ ಇಂದಿನ ಯಂತ್ರದ ಮೇಲೆ ಪೊಟಾಟೊಗೆ ಅಷ್ಟು ವೇಗ ಧಾರಾಳ ಸಾಕು.

ವುಡಿಯಲ್ಲಿ ಬೂಟ್ ಪ್ರಾಂಪ್ಟ್ ಬಂದಾಗ ಸುಮ್ಮನೆ ಎಂಟರ್ ಒತ್ತಿದರೆ 2.2 ಕರ್ನಲ್ ಬರುತ್ತದೆ. ‘ಬಿಎಫ್24’ ಎಂದು ಟೈಪ್ ಮಾಡಿದರೆ 2.4. ಸಾರ್ಜ್‌ನಲ್ಲಿ ‘ಲಿನಕ್ಸ್26’ ಎಂದರೆ 2.6. ಜನರಿಗೆ ಸ್ವತಃ ಟೈಪ್ ಮಾಡಲು ಬಿಡಿ, ಹಾಗೆ ಮಾಡಿದವರಿಗೆ ಮಾತ್ರ ಅದು ನೆನಪಿರುತ್ತದೆ. ಎಕ್ಸ್, ಅಂದರೆ ಗ್ರಾಫಿಕ್ಸ್ ಪರದೆ ಬಾರದೆ ಕಪ್ಪಾಗಿ ನಿಂತರೆ ಬಣ್ಣದ ಆಳವನ್ನು 16 ಬಿಟ್‌ಗೆ, ಗಾತ್ರವನ್ನು 1024 ಗುಣಿಸು 768ಕ್ಕೆ ಇಳಿಸಿ. ಪೊಟಾಟೊದಲ್ಲಿ ಅದಕ್ಕಾಗಿ ಸಮಯ ಕಳೆಯಬೇಡಿ, ಡಿಸೆಲೆಕ್ಟ್ ತೋರಿಸಿದರೆ ಸಾಕು. ಪ್ಯಾಕೇಜ್ ಆರಿಸುವ ಆ ಪರದೆಯ ಮುಂದೆ ಹಿರಿಯ ಬಳಕೆದಾರರು ಹೆಚ್ಚು ಹೊತ್ತು ನಿಲ್ಲುತ್ತಾರೆ.

ಸಾರ್ಜ್ ನಂತರದ ಎಚ್ (Etch), ಲೆನ್ನಿ ಆವೃತ್ತಿಗಳಲ್ಲಿ ಪ್ಯಾಕೇಜ್ ತರುವ ಸಾಧನವಾದ ಆಪ್ಟ್ ಇನ್ನೊಂದು ತಕರಾರು ತೆಗೆಯುತ್ತದೆ. ಎಚ್‌ನಿಂದ ಮುಂದಕ್ಕೆ ಪ್ಯಾಕೇಜ್ ಪಟ್ಟಿಯ ಸಹಿಯನ್ನು ಅದು ಪರೀಕ್ಷಿಸುತ್ತದೆ, ಆ ಕೀಲಿಗಳ ಅವಧಿ ಎಂದೋ ಮುಗಿದಿದೆ. ವರ್ಚುವಲ್ ಯಂತ್ರದ ಗಡಿಯಾರವನ್ನು ಆಯಾ ಆವೃತ್ತಿಯ ಕಾಲಕ್ಕೆ ಹಿಂದೆ ಸರಿಸುವುದು ಇದಕ್ಕೆ ಸುಲಭದ ದಾರಿ. ಕ್ಯೂಇಎಂಯುಗೆ ಆರಂಭದಲ್ಲೇ ದಿನಾಂಕ ಕೊಡಬಹುದು. ಪ್ರದರ್ಶನದ ಕ್ಯಾಲೆಂಡರ್‌ನಲ್ಲೂ ಆ ವರ್ಷವೇ ಕಾಣುವುದು ಚೆಂದ. ಈ ಯಂತ್ರಗಳಿಗೆ ವರ್ಷಗಳಿಂದ ಭದ್ರತಾ ತಿದ್ದುಪಡಿ ಇಲ್ಲ. ಹಾಗಾಗಿ ಅವನ್ನು ನೇರ ಕೊಠಡಿಯ ಜಾಲಕ್ಕೆ ಸೇರಿಸುವ ಬ್ರಿಡ್ಜ್ ಜಾಲ ಬೇಡ, ಕ್ಯೂಇಎಂಯುನ ಯೂಸರ್ ಜಾಲದೊಳಗೇ ಇರಲಿ. ಎಲ್ಲ ಸಿದ್ಧವಾದ ಮೇಲೆ ಸ್ನ್ಯಾಪ್‌ಶಾಟ್ ತೆಗೆದಿಟ್ಟರೆ ಯಾರು ಏನು ಅಳಿಸಿದರೂ ಒಂದು ನಿಮಿಷದಲ್ಲಿ ಹಿಂದಿನ ಸ್ಥಿತಿಗೆ ತರಬಹುದು.

ಬಗ್ ಮೇಜು

ಡೆಬಿಯನ್ ಬಗ್ ಪಟ್ಟಿಯ ಕ್ರಮಸಂಖ್ಯೆ 10 ಲಕ್ಷ ದಾಟಿದೆ. ಒಂದು ಮಧ್ಯಾಹ್ನದಲ್ಲಿ ಯಾರೂ ಕರ್ನಲ್ ಸರಿಮಾಡುವುದಿಲ್ಲ, ಸರಿಮಾಡಬೇಕಾಗಿಯೂ ಇಲ್ಲ. ಎಷ್ಟೋ ವರದಿಗಳು ಕಾಯುತ್ತಿರುವುದು ‘ಈಗಿನ ಆವೃತ್ತಿಯಲ್ಲೂ ಹೀಗೆ ಆಗುತ್ತದೆಯೇ?’ ಎಂಬ ಒಂದು ಉತ್ತರಕ್ಕೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಆರಂಭವಿಲ್ಲ.

ಹೌ-ಕ್ಯಾನ್-ಐ-ಹೆಲ್ಪ್ ಎಂಬ ಪ್ಯಾಕೇಜ್ ಹಾಕಿ ಓಡಿಸಿದರೆ, ಆ ಯಂತ್ರದಲ್ಲೇ ಇರುವ ಪ್ಯಾಕೇಜ್‌ಗಳಲ್ಲಿ ಯಾವುದಕ್ಕೆ ನೆರವು ಬೇಕು, ಯಾವುದಕ್ಕೆ ನೋಡಿಕೊಳ್ಳುವವರೇ ಇಲ್ಲ ಎಂದು ಪಟ್ಟಿ ಕೊಡುತ್ತದೆ. ತಾವು ದಿನವೂ ಬಳಸುವ ಪ್ಯಾಕೇಜಿನ ಒಂದು ಬಗ್ ಆರಿಸಿಕೊಳ್ಳಲಿ. ಡೆಬಿಯನ್‌ನ ಅಭಿವೃದ್ಧಿ ಆವೃತ್ತಿಯಾದ ಅನ್‌ಸ್ಟೇಬಲ್ ಹಾಕಿದ ಸ್ವಚ್ಛ ವರ್ಚುವಲ್ ಯಂತ್ರದಲ್ಲಿ ವರದಿಯ ಹೆಜ್ಜೆಗಳನ್ನು ಹಾಗೇ ಮಾಡಿ ನೋಡಲಿ. ಕಂಡದ್ದನ್ನು ಪ್ಯಾಕೇಜಿನ ಪೂರ್ತಿ ಆವೃತ್ತಿ ಸಂಖ್ಯೆಯೊಂದಿಗೆ, ಬಂದ ಸಂದೇಶವನ್ನು ಅಕ್ಷರಶಃ ನಕಲಿಸಿ ಬರೆಯಲಿ. ‘ನನಗೂ ಹೀಗೇ ಆಗುತ್ತಿದೆ’ ಎಂಬ ಒಂಟಿ ಸಾಲಿನಿಂದ ಪ್ಯಾಕೇಜ್ ನೋಡಿಕೊಳ್ಳುವ ನಿರ್ವಾಹಕರಿಗೆ ಏನೂ ಸಿಗುವುದಿಲ್ಲ.

ಬಗ್ ಪಟ್ಟಿಯ ಈ ವ್ಯವಸ್ಥೆ ನಡೆಯುವುದೇ ಇಮೇಲ್ ಮೇಲೆ. ಹೊಸಬರು ತೊಡರುವುದೂ ಇಲ್ಲೇ. ಬಗ್ ಸಂಖ್ಯೆಯ ವಿಳಾಸಕ್ಕೆ ಕಳಿಸಿದ ಉತ್ತರ ನಿರ್ವಾಹಕರಿಗೆ ಹೋಗುತ್ತದೆ, ದಾಖಲೆಯಾಗುತ್ತದೆ, ಆದರೆ ಮೂಲ ವರದಿ ಬರೆದವರಿಗೆ ಹೋಗುವುದಿಲ್ಲ. ಅವರಿಗೆ ಪ್ರಶ್ನೆ ಕೇಳಬೇಕಿದ್ದರೆ ಸಂಖ್ಯೆಯ ಜೊತೆ ಸಬ್‌ಮಿಟರ್ ಎಂದು ಸೇರಿಸಿದ ವಿಳಾಸವನ್ನೂ ಹಾಕಬೇಕು. ಇದು ತಿಳಿಯದೆ ಕೇಳಿದ ಪ್ರಶ್ನೆಗಳು ಉತ್ತರವಿಲ್ಲದೆ ವರ್ಷಗಟ್ಟಲೆ ಬಿದ್ದಿರುತ್ತವೆ. ಹೊಸ ವರದಿಗೆ ರಿಪೋರ್ಟ್‌ಬಗ್ ಬಳಸಿ. ಕೊಠಡಿಯ ಜಾಲ ಮೇಲ್ ಕಳಿಸುವ 25ನೇ ಪೋರ್ಟನ್ನು ಮುಚ್ಚಿರುವುದು ಸಾಮಾನ್ಯ. ಆದ್ದರಿಂದ ಮೊದಲ ಸಲದ ಸಿದ್ಧತೆಯಲ್ಲಿ ಡೆಬಿಯನ್‌ನದೇ ರಿಪೋರ್ಟ್‌ಬಗ್ ಮೇಲ್ ಸರ್ವರ್ ಆರಿಸಿ, 587ನೇ ಪೋರ್ಟ್ ಕೊಡಿ. ಕಳಿಸಿದ ಮೇಲೆ ಸಂಖ್ಯೆ ಬರಲು ಕೆಲವು ನಿಮಿಷ ಬೇಕು, ಬರಲಿಲ್ಲವೆಂದು ಎರಡನೇ ಸಲ ಕಳಿಸಿದರೆ ಜೋಡಿ ವರದಿ ಹುಟ್ಟುತ್ತದೆ. ಇನ್ನೊಂದು ಮಾತನ್ನು ಕಳಿಸುವ ಮೊದಲೇ ಎಲ್ಲರಿಗೂ ಹೇಳಿ: ಅವರ ಹೆಸರು, ಇಮೇಲ್ ವಿಳಾಸ, ಲಗತ್ತಿಸಿದ ಲಾಗ್ ಎಲ್ಲವೂ ಸಾರ್ವಜನಿಕ, ಮತ್ತು ಶಾಶ್ವತ. ಲಾಗ್‌ನಲ್ಲಿ ಪಾಸ್‌ವರ್ಡ್, ವೈಫೈ ಹೆಸರು ಇಲ್ಲವೆಂದು ನೋಡಿಕೊಂಡೇ ಕಳಿಸಬೇಕು.

ಕೋಡ್ ಬಾರದವರಿಗೆ ಅನುವಾದವಿದೆ. ಪ್ಯಾಕೇಜ್ ವಿವರಣೆಗಳನ್ನು ಬ್ರೌಸರ್‌ನಲ್ಲೇ ಅನುವಾದಿಸುವ ಡೆಬಿಯನ್‌ನ ವ್ಯವಸ್ಥೆಗೆ ಖಾತೆ ಮಾಡಿಕೊಂಡು, ತಾವು ಬಳಸುವ ಪ್ಯಾಕೇಜಿನಿಂದಲೇ ಶುರು ಮಾಡಲಿ. ಶುರುವಿಗೆ ಮುನ್ನ ಮೇಜಿನ ಎಲ್ಲರೂ ಸೇರಿ ‘ಪ್ಯಾಕೇಜ್’, ‘ಕಡತ’, ‘ಪಾರ್ಟಿಷನ್’ ಇಂಥ ಇಪ್ಪತ್ತು ಪದಗಳಿಗೆ ಒಂದೊಂದೇ ರೂಪ ಒಪ್ಪಿ ಕಾಗದದ ಮೇಲೆ ಬರೆದು ಅಂಟಿಸಿ. ಒಂದೇ ಪದಕ್ಕೆ ನಾಲ್ವರು ನಾಲ್ಕು ಅನುವಾದ ಮಾಡಿದರೆ ಓದುವವರಿಗೆ ಇಂಗ್ಲಿಷೇ ಮೇಲು ಅನಿಸುತ್ತದೆ.

ಇಪ್ಪತ್ತು ನಿಮಿಷದ ಮಾತು

ಊಟದ ಮುನ್ನ, ಎಲ್ಲರೂ ಒಟ್ಟಿಗಿರುವಾಗ ಇಡಿ. ಇತಿಹಾಸವನ್ನೆಲ್ಲ ಹೇಳಲು ಹೋಗದೆ ನಾಲ್ಕೇ ಎಳೆ ಹಿಡಿಯಿರಿ. ಮೊದಲನೆಯದು 1.0 ಎಂಬ ಡೆಬಿಯನ್ ಏಕೆ ಇಲ್ಲ ಎಂಬುದು. ಇನ್ನೂ ಸಿದ್ಧವಾಗದ ಪ್ರತಿಯನ್ನು ಸಿಡಿ ಕಂಪನಿಯೊಂದು 1.0 ಎಂದು ಹೆಸರಿಟ್ಟು ಹಂಚಿಬಿಟ್ಟಿತು, ಗೊಂದಲ ಬೇಡವೆಂದು ಯೋಜನೆ ಆ ಸಂಖ್ಯೆಯನ್ನೇ ಬಿಟ್ಟು 1996ರ ಜೂನ್‌ನಲ್ಲಿ 1.1 ಹೊರತಂದಿತು. ಎರಡನೆಯದು ಹೆಸರುಗಳ ಕಥೆ. ಆಗಿನ ನಾಯಕ ಬ್ರೂಸ್ ಪೆರೆನ್ಸ್ ಪಿಕ್ಸಾರ್ ಅನಿಮೇಷನ್ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಿದ್ದರು. ಹಾಗಾಗಿ ಆವೃತ್ತಿಗಳಿಗೆಲ್ಲ ಅದರ ‘ಟಾಯ್ ಸ್ಟೋರಿ’ ಚಿತ್ರದ ಪಾತ್ರಗಳ ಹೆಸರು ಬಂತು, ಸದಾ ಬದಲಾಗುತ್ತಿರುವ ಅನ್‌ಸ್ಟೇಬಲ್‌ಗೆ ಆಟಿಕೆ ಮುರಿಯುವ ಹುಡುಗ ಸಿಡ್‌ನ ಹೆಸರು ಖಾಯಂ ಆಯಿತು. ಮೂರನೆಯದು 1997ರ ಸಾಮಾಜಿಕ ಒಪ್ಪಂದ. ಡೆಬಿಯನ್ ಸ್ವತಂತ್ರ ತಂತ್ರಾಂಶವಾಗಿಯೇ ಉಳಿಯುತ್ತದೆ, ಸಮಸ್ಯೆಗಳನ್ನು ಮುಚ್ಚಿಡುವುದಿಲ್ಲ ಎಂದು ಬಳಕೆದಾರರಿಗೆ ಕೊಟ್ಟ ಮಾತು ಅದು. ಮಧ್ಯಾಹ್ನ ಬಗ್ ಮೇಜಿಗೆ ಕೂರುವವರಿಗೆ, ತಮ್ಮ ಇಮೇಲ್ ಏಕೆ ಸಾರ್ವಜನಿಕವಾಗುತ್ತದೆ ಎಂಬುದಕ್ಕೆ ಉತ್ತರ ಅಲ್ಲೇ ಸಿಗುತ್ತದೆ. ನಾಲ್ಕನೆಯದು ಗಾತ್ರ: 1.1ರಲ್ಲಿ 474 ಪ್ಯಾಕೇಜ್, ಟ್ರಿಕ್ಸಿಯಲ್ಲಿ 69,830.

2015ರ ಡಿಸೆಂಬರ್ 28ರಂದು ತೀರಿಕೊಂಡ ಇಯಾನ್ ಮರ್ಡಾಕ್ ಅವರಿಗೆ ಡೆಬಿಯನ್ 9ನ್ನು ಅರ್ಪಿಸಲಾಗಿದೆ. 2000ದಲ್ಲಿ ಪೊಟಾಟೊವನ್ನು ಕಾಯಿಲೆಯಿಂದ ತೀರಿಕೊಂಡ ಕಿರಿಯ ಡೆವಲಪರ್ ಜೋಯೆಲ್ ಕ್ಲೆಕರ್ ನೆನಪಿಗೆ ಅರ್ಪಿಸಿದ್ದರು. ಕೇಕ್ ಕತ್ತರಿಸುವ ಮೊದಲು ಇವರಿಬ್ಬರ ಹೆಸರು ಹೇಳಿ.

ಲೋಗೊ, ಕೇಕ್

ಡೆಬಿಯನ್‌ಗೆ ಎರಡು ಲೋಗೊಗಳಿವೆ. ಬರೀ ಸುರುಳಿ ಇರುವುದು ಎಲ್ಲರ ಬಳಕೆಗೆ ಮುಕ್ತ. ಸುರುಳಿಯ ಕೆಳಗೆ ಸೀಸೆ ಇರುವುದು ಯೋಜನೆಯ ಅಧಿಕೃತ ಬಳಕೆಗೆ ಮೀಸಲು, ಬ್ಯಾನರ್‌ಗೂ ಟೀ ಶರ್ಟ್‌ಗೂ ಅದನ್ನು ಹಾಕಬೇಡಿ. ಜಾಲತಾಣದಿಂದ ಎಸ್‌ವಿಜಿ ಕಡತವನ್ನೇ ಇಳಿಸಿ. ಎಲ್ಲಿಂದಲೋ ತೆಗೆದ ಚಿಕ್ಕ ಚಿತ್ರವನ್ನು ಬ್ಯಾನರ್ ಗಾತ್ರಕ್ಕೆ ಎಳೆದರೆ ಕುಂಚದಿಂದ ಎಳೆದಂತಿರುವ ಅದರ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ.

30 ಜನಕ್ಕೆ 3 ಕೆಜಿಯ ಚೌಕ ಕೇಕ್ ಸಾಕು, 6 ಸಾಲು, ಸಾಲಿಗೆ 5 ತುಂಡು. ಸುರುಳಿಯನ್ನು ಕೇಕಿನ ಗಾತ್ರಕ್ಕೇ ಅಚ್ಚು ಹಾಕಿಸಿ ಕೊಡಿ. ಕಾಗದವನ್ನು ಮಗುಚಿಟ್ಟು ಗುರುತು ಮೂಡಿಸುವಾಗ ಸುರುಳಿ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಬಿಡುತ್ತದೆ, ಡೆಬಿಯನ್ ಕೇಕ್‌ಗಳಲ್ಲಿ ಆಗುವ ತಪ್ಪು ಇದೇ. ಮಾಡುವವರ ಮುಂದೆ ನೇರ ಚಿತ್ರವೊಂದನ್ನು ಬೇರೆಯಾಗಿ ಇಟ್ಟುಬಿಡಿ. ಲ್ಯಾಪ್‌ಟಾಪ್‌ಗಳಿರುವ ಮೇಜಿನಿಂದ ಕೇಕ್ ದೂರ ಇರಲಿ.

ಮರುದಿನ, ಮುಂದಿನ ತಿಂಗಳು

ವಿಕಿ ಪುಟದಲ್ಲಿ ಎಷ್ಟು ಯಂತ್ರ, ಎಷ್ಟು ವರದಿ, ಎಷ್ಟು ಅನುವಾದ ಎಂದು ಎರಡು ಸಾಲು ಬರೆಯಿರಿ. ಮುಖ ಕಾಣುವ ಫೋಟೊ ಹಾಕುವ ಮೊದಲು ಅವರವರ ಒಪ್ಪಿಗೆ ಕೇಳಿ. ಬಗ್ ವರದಿಗಳ ಸಂಖ್ಯೆಗಳನ್ನು, ಬರೆದವರ ಹೆಸರಿನೊಂದಿಗೆ, ಒಂದು ಕಾಗದದಲ್ಲಿ ಇಟ್ಟುಕೊಂಡಿರಿ. ಎರಡು ವಾರದ ಮೇಲೆ ಒಂದೊಂದನ್ನೇ ತೆರೆದು ನೋಡಿ. ನಿರ್ವಾಹಕರು ‘ಈ ಪ್ಯಾಚ್ ಹಾಕಿ ನೋಡುವಿರಾ?’ ಎಂದು ಕೇಳಿದ್ದು ಹೊಸಬರ ಸ್ಪ್ಯಾಮ್ ಫೋಲ್ಡರ್‌ನಲ್ಲಿ ಬಿದ್ದಿರುವುದುಂಟು. ಅಂಥವರಿಗೆ ಫೋನ್ ಮಾಡಿ, ಒಂದು ಸಂಜೆ ಜೊತೆಗೆ ಕೂತು ಆ ಉತ್ತರ ಕಳಿಸಿ.